ಹಿಂದಕ್ಕೆ ಹೋಗದ ಕಾರು

ನಾನು ಹೊಂಗನೂರಿಗೆ ಸೊಸೆಯಾಗಿ ಕಾಲಿಟ್ಟೆ ಎಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ನನ್ನನ್ನು ಹೊತ್ತುಕೊಂಡು ಬಂದರು. ನನ್ನೊಬ್ಬಳನ್ನೇ ಅಲ್ಲ. ಪಕ್ಕದಲ್ಲಿ ಪೇಟ ಕಟ್ಟಿಕೊಂಡು ಕೂತಿದ್ದ ನನ್ನ ಗಂಡ ನಟರಾಜು, ಮುಂದೆ ಸ್ಟೀರಿಂಗ್ ಹಿಡಿದಿದ್ದ ನನ್ನ ಮಾವ ಬೈರಪ್ಪ, ನಾವು ಮೂವರೂ ಕೂತಿದ್ದ ಕಾರು, ಇಷ್ಟನ್ನೂ ಸೇರಿಸಿ ಊರಿನ ಗಂಡಸರು ಎತ್ತಿ ಮನೆ ಬಾಗಿಲಿಗೆ ತಂದಿಳಿಸಿದರು.

ಮದುವೆ ಮಾತುಕತೆಯ ಹೊತ್ತಿಗೆ, ಅಂದರೆ ಎರಡು ಸಾವಿರದ ಮೂರನೇ ಇಸವಿಯಲ್ಲಿ, ಗುಡೇಮಾರನಹಳ್ಳಿಯ ನಮ್ಮ ಮನೆಗೆ ಬಂದ ಸುದ್ದಿ ಇಷ್ಟೇ: "ಹುಡುಗನ ಮನೇಲಿ ರೇಷ್ಮೆ ಐತೆ, ತೆಂಗೈತೆ, ಕಾರೂ ಐತೆ." ಕಾರು ಎಂಬ ಮಾತು ಕೇಳಿ ನಮ್ಮವ್ವ ಸುದ್ದಿ ತಂದವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು. ಎಷ್ಟು ಚಕ್ರದ ಕಾರು ಎಂದು ವಿಚಾರಿಸಬೇಕೆಂದು ನಮ್ಮ ಕಡೆ ಯಾರಿಗೂ ಹೊಳೆಯಲಿಲ್ಲ. ಅಂಥ ಪ್ರಶ್ನೆ ಯಾರಿಗೆ ತಾನೆ ಹೊಳೆಯುತ್ತದೆ?

ಚನ್ನಪಟ್ಟಣದ ಛತ್ರದಲ್ಲಿ ಧಾರೆ ಮುಗಿಸಿ ಹೊರಗೆ ಬಂದಾಗ ಅದನ್ನು ಮೊದಲ ಸಲ ನೋಡಿದೆ. ಮುಂದೆ ಒಂದು ಚಕ್ರ, ಹಿಂದೆ ಎರಡು. ಫೈಬರಿನ ಮೈ, ತಿಳಿಹಳದಿ ಬಣ್ಣ, ಎರಡೂ ತುದಿ ಉರುಟು, ನಡುವೆ ಒಂದಿಷ್ಟು ಸೊಂಟ. ರೇಷ್ಮೆ ಸೀಮೆಯವರು ಯಾರೇ ನೋಡಿದರೂ ಹದವಾಗಿ ಬಲಿತ ರೇಷ್ಮೆಗೂಡು ಎಂದುಬಿಡುತ್ತಿದ್ದರು. ಊರಿನಲ್ಲಿ ಅದಕ್ಕೆ ಗೂಡುಗಾಡಿ ಎಂದೇ ಹೆಸರು. ಬಲಗಡೆಯ ಬಾಗಿಲನ್ನು ತಂತಿ ಬಿಗಿದು ಕಾಯಮ್ಮಾಗಿ ಮುಚ್ಚಿದ್ದರು. ಓಡಿಸುವವರೂ ಕೂರುವವರೂ ಎಡಗಡೆಯಿಂದಲೇ ನುಸುಳಬೇಕು. ಅದರ ತುಂಬ ಸೇವಂತಿಗೆ ಹಾರ ಸುತ್ತಿದ್ದರು.

ನಮ್ಮವ್ವ ನನ್ನ ಕಿವಿಯ ಹತ್ತಿರ ಬಗ್ಗಿ, "ಇನ್ನೊಂದ್ ಚಕ್ರ ಎಲ್ಲವ್ವ?" ಎಂದಳು.

"ಮನೇಲಿರ್ಬೋದು ಕಣವ್ವ," ಎಂದೆ.

ಹೊಂಗನೂರಿನ ಬೀದಿಗೆ ತಿರುಗಿದ್ದೇ ತಡ, ಎದುರಿಗೆ ಗೊಬ್ಬರ ತುಂಬಿದ ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದವರು ಅಂಗಡಿ ರುದ್ರಯ್ಯ. ಬೀದಿ ಎಷ್ಟು ಇಕ್ಕಟ್ಟೆಂದರೆ ಎರಡು ಎಮ್ಮೆ ಎದುರಾದರೆ ಒಂದು ಯಾರದಾದರೂ ಜಗಲಿ ಹತ್ತಬೇಕು.

"ಬೈರಣ್ಣ, ಒಸಿ ಹಿಂದಕ್ಕೆ ತಗೊ," ಎಂದು ರುದ್ರಯ್ಯ ಕೂಗಿದರು.

"ಆಗಲ್ಲ ರುದ್ರಣ್ಣ. ನೀನೇ ತಗೊ."

"ಟ್ರೇಲರ್ ಕಟ್ಟಿವ್ನಿ. ಹಿಂದಕ್ಕೆ ಬುಟ್ರೆ ಅಡ್ಡ ತಿರುಕೊಂಡು ಮಾರಮ್ಮನ ಗುಡಿಯೊಳಿಕ್ಕೆ ಹೋಯ್ತದೆ."

"ನಂದು ಹಿಂದಕ್ಕೆ ಹೋಗದೇ ಇಲ್ಲ."

"ಹೋಗದೇ ಇಲ್ಲ ಅಂದ್ರೆ?"

"ಅಂದ್ರೆ ಹೋಗದೇ ಇಲ್ಲ. ಹುಟ್ಟಿದಾಗಿಂದ್ಲೂ ಹೋಗಿಲ್ಲ."

ಓಲಗದವರು ಹಿಂದೆ ಬಂದು ನಿಂತರು. ಅವರ ಹಿಂದೆ ದಿಬ್ಬಣದ ಟೆಂಪೋ. ಮನೆ ತುಂಬಿಸಿಕೊಳ್ಳುವ ಗಳಿಗೆ ಮೀರುತ್ತದೆಂದು ಯಾರೋ ಹಿರಿಯರು ಗದರಿದರು. ಆಗ ಊರಿನ ಗಂಡಸರು ಪಂಚೆ ಎತ್ತಿಕಟ್ಟಿ, ಸುತ್ತ ನಿಂತು, "ಹ್ಞೂ" ಎಂದು ಕಾರನ್ನೇ ಎತ್ತಿದರು. ಜಗಲಿಯಿಂದ ಜಗಲಿಗೆ ದಾಟಿಸುತ್ತ ಹೊರಟರು. ನನಗೆ ಇವತ್ತಿಗೂ ಮರೆಯದ ವಿಷಯವೆಂದರೆ, ಕಾರು ಗಾಳಿಯಲ್ಲಿದ್ದಷ್ಟು ಹೊತ್ತೂ ಮಾವ ಸ್ಟೀರಿಂಗ್ ಬಿಡಲಿಲ್ಲ. ತಿರುವಿನಲ್ಲಿ ಜನ ಎಡಕ್ಕೆ ಹೊರಳಿದರೆ ಅವರೂ ಎಡಕ್ಕೆ ತಿರುಗಿಸುತ್ತಿದ್ದರು. ಮಧ್ಯೆ ಒಂದು ಸಲ ಹಾರನ್ನೂ ಹೊಡೆದರು.

ಮನೆ ಮುಂದೆ ಇಳಿಸಿದಾಗ ಬಾಗಿಲಿರುವ ಕಡೆಯೇ ಗೋಡೆಗೆ ಅಂಟಿಕೊಂಡಿತು. ನಾವು ಇಳಿಯುವಂತಿಲ್ಲ. ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ನನ್ನ ಅತ್ತೆ ಬೋರಮ್ಮ, ದೀಪಕ್ಕೆ ಕೈ ಅಡ್ಡ ಹಿಡಿದುಕೊಂಡೇ, "ಎತ್ರಪ್ಪ ಇನ್ನೊಂದ್ ಸಲ, ತಿರುಗ್ಸಿ ಇಕ್ಕಿ," ಎಂದರು. ಎತ್ತಿದರು. ತಿರುಗಿಸಿದರು. ಅಂತೂ ಅಕ್ಕಿ ಸೇರು ಒದ್ದು ಒಳಗೆ ಬಂದೆ.

ಅತ್ತೆ ನನಗೆ ಹೇಳಿದ ಮೊದಲ ಮಾತು ಇದು: "ಬಾ ಮಗ. ಹೆದರ್ಕಂಡ್ಯಾ? ಇಷ್ಟ್ ದಿನ ಇದ್ನ ಒಬ್ಳೇ ಅನುಬವಿಸ್ತಿದ್ದೆ. ಇವತ್ತಿಂದ ನೀನೂ ಜೊತೆಗಾದೆ."

ಆ ಕಾರು ಮನೆಗೆ ಬಂದ ಕತೆಯನ್ನು ಅತ್ತೆಯೇ ನನಗೆ ಹುಳಕ್ಕೆ ಸೊಪ್ಪು ಹಾಕುತ್ತ ಹೇಳಿದರು. ಬಿಡದಿ ಕಡೆ ಹೊಸ ಹೊಸ ಫ್ಯಾಕ್ಟರಿಗಳು ಏಳುತ್ತಿದ್ದವು. ಹಳೆಯ ಶೆಡ್ಡುಗಳನ್ನು ಕೆಡವುತ್ತಿದ್ದರು. ಹುಳದ ಮನೆಯ ಸೂರಿಗೆ ತಗಡಿನ ಶೀಟು ಸಿಗುತ್ತವೆಂದು ಮಾವ ಬದಲಿಗೆ ಕೊಡಲು ಎರಡು ಮೂಟೆ ರಾಗಿಯನ್ನು ಟೆಂಪೋಗೆ ಹಾಕಿಕೊಂಡು ಹೋದರು. ಶೆಡ್ಡಿನ ಮೂಲೆಯಲ್ಲಿ, ಎಷ್ಟೋ ವರ್ಷದ ಹಿಂದೆ ಯಾರೋ ತಯಾರಿಸಿ ಕೈಬಿಟ್ಟ ಈ ಮೂರು ಚಕ್ರದ ಪುಟ್ಟ ಕಾರು ಬಿದ್ದಿತ್ತು. ಒಳಗೆ ಕೋಳಿ ಕಾವು ಕೂತಿತ್ತು. ಮಾವ ಅದನ್ನು ನೋಡಿದರು. ತಗಡು ಮರೆತರು. ರಾಗಿ ಇಳಿಸಿ, ಕಾರು ಏರಿಸಿಕೊಂಡು ಬಂದರು.

"ತಗಡು ಎಲ್ರೀ?" ಎಂದು ಅತ್ತೆ ಕೇಳಿದರಂತೆ.

"ನೋಡು ಬೋರಿ, ಹೆಂಗೈತೆ!"

"ಎರಡು ಮೂಟೆ ರಾಗಿ ಕೊಟ್ಟು ಒಂದು ಮೊಟ್ಟೆ ತಂದವ್ರಲ್ಲ! ಇದ್ರೊಳಗೆ ನಾನೇನಾರ ಕೂತ್ರೆ ನಮ್ಮಪ್ಪನ ಮಗಳೇ ಅಲ್ಲ."

ಆಣೆ ಹಾಕಿದ್ದು ಊರಿಗೆಲ್ಲ ಕೇಳಿಸಿತ್ತು. ಅತ್ತೆಯ ಗಂಟಲು ಅಂಥದ್ದು. ಅದಾದ ಮೇಲೆ ಅವರು ಸಂತೆಗೆ ನಡೆದು ಹೋದರು, ಬಸ್ಸಿನಲ್ಲಿ ನೇತಾಡಿದರು, ಒಮ್ಮೆ ರುದ್ರಯ್ಯನವರ ಗೊಬ್ಬರದ ಮೂಟೆಗಳ ಮೇಲೆ ಕೂತು ಚನ್ನಪಟ್ಟಣಕ್ಕೂ ಹೋಗಿಬಂದರು. ಗೂಡುಗಾಡಿಯಲ್ಲಿ ಮಾತ್ರ ಕೂರಲಿಲ್ಲ.

ಕಾರಿನ ಸ್ವಂತ ಎಂಜಿನ್ನು ತುಕ್ಕು ಹಿಡಿದು ಕಲ್ಲಾಗಿತ್ತು. ಮಾವ ತೋಟದ ಸೀಮೆಎಣ್ಣೆ ಪಂಪ್‌ಸೆಟ್ಟಿನ ಎಂಜಿನ್ ಬಿಚ್ಚಿ ಹಿಂದೆ ಕೂರಿಸಿದರು. ಈ ಕೆಲಸಕ್ಕೆ ಅವರ ಜೊತೆ ನಿಂತವರು ಚನ್ನಪಟ್ಟಣದ ಗೊಂಬೆ ಕೆಲಸದ ಮುಕ್ತಿಯಾರ್ ಸಾಬರು. ಜೀವಮಾನವೆಲ್ಲ ಹಾಲೆಮರ ಕಡೆದು ಬುಗುರಿ, ಗಿಲಕಿ ಮಾಡಿದವರು. ಕಾರು ರಿಪೇರಿ ಅವರಿಗೆ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ. ಆದ್ದರಿಂದ ಇಬ್ಬರಿಗೂ ಒಮ್ಮೆಯೂ ಭಿನ್ನಾಭಿಪ್ರಾಯ ಬರಲಿಲ್ಲ.

ಎಂಜಿನ್ನಿನ ಗಾಲಿಗೆ ಹಗ್ಗ ಸುತ್ತಿ, ಬುಗುರಿ ಬಿಟ್ಟ ಹಾಗೆ ಎಳೆದರೆ ಕಾರು ಶುರು. ಒಂದು ಕೋಲು ಎಳೆದರೆ ಬೆಲ್ಟು ಬಿಗಿಯಾಗಿ ಎಡಗಡೆಯ ಹಿಂದಿನ ಚಕ್ರ ತಿರುಗುತ್ತದೆ. ಅದೊಂದೇ ಚಕ್ರ ದುಡಿಯುವುದು, ಉಳಿದೆರಡು ಸುಮ್ಮನೆ ಜೊತೆಗೆ ಬರುತ್ತವೆ. ಕೋಲು, ಹಾರನ್ನು, ವೈಪರು, ಎಲ್ಲಕ್ಕೂ ಸಾಬರು ಅರಗಿನ ಬಣ್ಣ ಕೊಟ್ಟ ಮರದ ಗುಂಡು ಹಿಡಿಗಳನ್ನು ಕಡೆದು ಹಾಕಿದ್ದರು. ಕೆಂಪು, ಹಸಿರು, ನೀಲಿ. ನೋಡಿದರೆ ಮಗುವಿಗೆ ಕೊಡೋಣ ಅನ್ನಿಸಬೇಕು. ಯಾವ ಬಣ್ಣ ಎಳೆದರೆ ಏನಾಗುತ್ತದೆ ಎಂಬುದು ಮಾವನಿಗೆ ಮಾತ್ರ ಗೊತ್ತಿತ್ತು. ಮೂಟೆಗಳನ್ನು ಮೇಲಿಂದ ಇಳಿಸಲು ಸೂರಿನಲ್ಲಿ ದುಂಡಗೆ ಒಂದು ತೂತು ಕೊರೆದು, ಅದಕ್ಕೆ ಅನ್ನದ ತಪ್ಪಲೆಯ ಮುಚ್ಚಳ ಮುಚ್ಚಿದ್ದರು. ಮಳೆಗಾಲದಲ್ಲಿ ಮಾವ ಒಳಗೇ ಕೊಡೆ ಬಿಡಿಸಿಕೊಂಡು ಓಡಿಸುತ್ತಿದ್ದರು.

ವಾಹನ ಪೂಜೆಗೆ ಕೆಂಗಲ್ ಗುಡಿಗೆ ಹೋದಾಗ ಚಕ್ರದ ಕೆಳಗಿಡಲು ಮಾವ ರೂಢಿಯಂತೆ ನಾಲ್ಕು ನಿಂಬೆಹಣ್ಣು ಒಯ್ದಿದ್ದರು. ಮೂರನ್ನು ಇಟ್ಟ ಅರ್ಚಕರು ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಕಾರಿನ ಸುತ್ತ ಎರಡು ಸುತ್ತು ಬಂದರಂತೆ. ಕೊನೆಗೆ ಮಾವನೇ, "ಅದ್ನ ಪಾನಕ ಮಾಡ್ಕೊಳಿ ಸ್ವಾಮಿ," ಎಂದು ಕೈಮುಗಿದರು.

ಇಷ್ಟೆಲ್ಲ ಆದರೂ, ತಮ್ಮ ಸೊಸೆಯನ್ನು ಹೊತ್ತು ತರಬೇಕಾಯಿತಲ್ಲ ಎಂಬ ಕೊರಗು ಮಾವನನ್ನು ಬಿಡಲಿಲ್ಲ. ಮದುವೆಯಾದ ಮುಂದಿನ ವಾರವೇ ಸಾಬರನ್ನು ಕರೆಸಿದರು. ಇಬ್ಬರೂ ಮನೆಯ ಹಟ್ಟಿಯಂಗಳದಲ್ಲಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಟೀ ಕೊಟ್ಟೆ.

"ಇದ್ನ ಹಿಂದಕ್ಕೆ ಹೋಗಂಗೆ ಮಾಡ್ಬೇಕಲ್ಲ ಸಾಬ್ರೆ," ಎಂದರು ಮಾವ.

ಸಾಬರು ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, "ಬೈರಣ್ಣ, ಬುಗುರಿ ಎಲ್ಲಾರ ಹಿಂದಕ್ಕೆ ಹೋಯ್ತದಾ?" ಎಂದರು.

"ಇಲ್ಲ."

"ಅದ್ಕೆ ಯಾರಾರ ಬೇಜಾರ್ ಮಾಡ್ಕಂಡವ್ರಾ? ನಿಂತ ಜಾಗದಲ್ಲೇ ತಿರುಗ್ತದೆ. ಮೂತಿ ಹಿಂದಕ್ಕೆ ಬಂತು ಅಂದ್ರೆ ಅದೇ ಮುಂದೆ. ಹಿಂದೆ ಅನ್ನದೇ ಬೇಕಾಗಿಲ್ಲ."

ಮಾವ ಎದ್ದು ನಿಂತು ಸಾಬರನ್ನು ತಬ್ಬಿಕೊಂಡರು.

ಹೀಗೆ ಕಾರಿನ ಹೊಟ್ಟೆಯಡಿ ಲಾರಿಯ ಹಳೆಯ ಜಾಕು ಮತ್ತು ಬೇರಿಂಗಿನಿಂದ ಮಾಡಿದ ಒಂದು ಕಬ್ಬಿಣದ ಕಂಬ ಬಂತು. ಹಳದಿ ಹಿಡಿ ಎಳೆದರೆ ಕಂಬ ಕೆಳಗಿಳಿದು ನೆಲಕ್ಕೆ ಊರುತ್ತದೆ. ಕಾರಿನ ಮುಂದಿನ ಚಕ್ರವೂ ಬಲಗಡೆಯ ಚಕ್ರವೂ ನೆಲ ಬಿಡುತ್ತವೆ. ದುಡಿಯುವ ಎಡಚಕ್ರ ಮಾತ್ರ ನೆಲದಲ್ಲಿರುತ್ತದೆ. ಆಗ ನೀಲಿ ಹಿಡಿ ಎಳೆದು ಬೆಲ್ಟು ಬಿಗಿದರೆ, ಕಾರು ಕಂಬದ ಸುತ್ತ ಕಣದ ಎತ್ತಿನ ಹಾಗೆ ತಾನೇ ತಿರುಗುತ್ತದೆ. ಮೂತಿ ಬೇಕಾದ ಕಡೆ ಬಂದಾಗ ಬೆಲ್ಟು ಸಡಿಲಿಸಿ ಕಂಬ ಎತ್ತಿದರಾಯಿತು. ಮೊದಲ ಸಲ ಹಟ್ಟಿಯಲ್ಲಿ ತಿರುಗಿಸಿ ತೋರಿಸಿದಾಗ ನಾನೂ ನಟರಾಜುವೂ ಚಪ್ಪಾಳೆ ತಟ್ಟಿದೆವು. ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತ, "ಮಾಡಕ್ ಕೆಲ್ಸ ಇಲ್ದೋರು," ಎಂದರು. ಆದರೆ ಕೇರುವುದನ್ನು ನಿಲ್ಲಿಸಿ ನೋಡಿದ್ದನ್ನು ನಾನು ಕಂಡೆ.

ಮರುವರ್ಷದ ಬೇಸಿಗೆಯಲ್ಲಿ ಅತ್ತೆಯ ಹುಳ ಬಹಳ ಚೆನ್ನಾಗಿ ಆಯಿತು. ಅವರ ಹುಳ ಎಂದೇ ಹೇಳಬೇಕು, ಯಾಕೆಂದರೆ ಆ ಮನೆಯಲ್ಲಿ ಸೊಪ್ಪು ಹಾಕಿ, ಕಸ ತೆಗೆದು, ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಂಕೆಗೆ ಬಿಡುವವರೆಗೆ ಎಲ್ಲ ಅವರದೇ ಯಜಮಾನಿಕೆ. ಗೂಡು ಬಿಡಿಸಿ ಮೂಟೆ ಕಟ್ಟಿದೆವು. ಒಂದೊಂದೂ ಹುಣಸೆಬೀಜದಷ್ಟು ಗಟ್ಟಿ. ತಡ ಮಾಡುವಂತಿಲ್ಲ, ಚಿಟ್ಟೆ ಗೂಡು ಒಡೆದುಕೊಂಡು ಹೊರಬಂದರೆ ನೂಲು ಬರುವುದಿಲ್ಲ. ಬೆಳಿಗ್ಗೆಯೇ ರಾಮನಗರದ ಗೂಡು ಮಾರುಕಟ್ಟೆಗೆ ಹೊರಡಬೇಕು.

ಟೆಂಪೋ ಬರಲಿಲ್ಲ. ಅದು ಎಲೆಕ್ಷನ್ ಕಾಲ. ಸುತ್ತಿನ ಟೆಂಪೋಗಳೆಲ್ಲ ಯಾವುದೋ ಸಭೆಗೆ ಜನ ತುಂಬಲು ಹೋಗಿದ್ದವು. ರುದ್ರಯ್ಯನವರ ಟ್ರ್ಯಾಕ್ಟರ್ ಕೂಡ ಹೋಗಿತ್ತು. ಬಸ್ಸು ಬಂತು, ಆದರೆ ಅದರ ಮೇಲೂ ಜನ ಕೂತಿದ್ದರು.

ಮಾವ ಕಾರಿನ ಹಿಂದೆ ಹೋಗಿ ಹಗ್ಗ ಸುತ್ತತೊಡಗಿದರು.

"ನೀವೊಬ್ರೇ ಹೋಗಿ ನನ್ ಗೂಡ್ನ ಯಾರಿಗಾರ ಸಸ್ತಾಕ್ ಕೊಟ್ಬುಟ್ಟು ಬತ್ತೀರ. ನಾನೂ ಬತ್ತೀನಿ," ಎಂದರು ಅತ್ತೆ.

"ಬಾ, ಕೂತ್ಕೊ."

"ಕೂರಲ್ಲ."

"ಮತ್ತೆ?"

ಅತ್ತೆ ಕಾರನ್ನು ಮೇಲಿಂದ ಕೆಳಗೆ ನೋಡಿದರು. ಸೂರಿನ ಮೇಲಿದ್ದ ತಪ್ಪಲೆಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. "ಕೂರಲ್ಲ ಅಂತ ತಾನೆ ಆಣೆ ಮಾಡಿರದು. ನಿಂತ್ಕತೀನಿ."

ಹಿಂದಿನ ಸೀಟು ಕಿತ್ತು ಮೂಟೆ ತುಂಬಿದೆವು. ಅವುಗಳ ನಡುವೆ ಅತ್ತೆ ನಿಂತರು. ಸೂರಿನ ತೂತಿನಿಂದ ಅವರು ಎದೆಮಟ್ಟಕ್ಕೆ ಹೊರಗೆ, ಉಳಿದದ್ದು ಒಳಗೆ. ಮಾರುಕಟ್ಟೆಗೆಂದು ಹೊಸ ಸೀರೆ ಉಟ್ಟಿದ್ದರು. ನಟರಾಜುವೂ ನಾನೂ ಉಳಿದ ಒಂದು ಮೂಟೆ ಹೇರಿಕೊಂಡು ಟಿವಿಎಸ್ ಮೊಪೆಡ್ಡಿನಲ್ಲಿ ಹಿಂದೆ ಹೊರಟೆವು.

ಚನ್ನಪಟ್ಟಣದ ಸಾತನೂರು ಸರ್ಕಲ್ಲಿನಲ್ಲಿ ಒಂದಷ್ಟು ಜನ ಹಾರ ಹಿಡಿದುಕೊಂಡು ಯಾವುದೋ ಅಭ್ಯರ್ಥಿಗಾಗಿ ಕಾಯುತ್ತಿದ್ದರು. ಅವರಿಗೆ ಕಂಡದ್ದು, ಹಳದಿ ಗಾಡಿಯ ಸೂರಿನಿಂದ ಎದ್ದು ನಿಂತು ಬರುತ್ತಿರುವ, ಗಂಭೀರ ಮುಖದ ಒಬ್ಬ ಹೆಂಗಸು. ತಮಟೆ ಶುರುವಾಯಿತು. ಕಾರಿಗೆ ಅಡ್ಡ ಬಂದು, ಒಬ್ಬ ಇನ್ನೊಬ್ಬನ ಹೆಗಲೇರಿ ಅತ್ತೆಗೆ ಹಾರ ಹಾಕಿಯೇಬಿಟ್ಟ.

"ಏ, ನಾನಲ್ಲ ಕಣ್ರಪ್ಪ!" ಎಂದರು ಅತ್ತೆ. ತಮಟೆಯ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.

ಒಬ್ಬ ಮುದುಕಿ ಕಾರಿನ ಪಕ್ಕ ಬಂದು ಕತ್ತೆತ್ತಿ, "ನಂಗೆ ಪಿಂಚಣಿ ಮಾಡಿಸ್ಕೊಡವ್ವ," ಎಂದು ಬೇಡಿಕೊಂಡಳು.

"ನಂಗೇ ಬರಲ್ಲ ಕಣಜ್ಜಿ. ಬಂದ್ರೆ ಇಬ್ರೂ ಜೊತೇಲಿ ಹೋಗಿ ತಗಳವ," ಎಂದರು ಅತ್ತೆ.

"ಎಷ್ಟ್ ದಿಟವಾಗಿ ಮಾತಾಡ್ತಳೆ ನೋಡು," ಎಂದು ಮುದುಕಿ ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು.

ಹೆದ್ದಾರಿಗೆ ಬಂದಾಗ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಜಲ್ಲಿ ಹಾಕುತ್ತಿದ್ದವರು ಬಾಂಡಲಿ ಇಳಿಸಿ ಕೈಮುಗಿದರು. ಮಣ್ಣು ಅಗೆಯುವ ಜೇಸೀಬಿಯವನು ಅದರ ಉದ್ದನೆಯ ಕೈಯನ್ನು ಎತ್ತಿ ಸಲಾಮು ಹೊಡೆಸಿದ. ಫ್ಯಾಕ್ಟರಿ ಬಸ್ಸಿನ ಕಿಟಕಿಗಳಿಂದ ಯೂನಿಫಾರ್ಮು ಹಾಕಿದ ಹುಡುಗರು "ಜೈ" ಎಂದರು. ಯಾರಿಗೆ ಜೈ ಎಂದು ಅವರಿಗೂ ಗೊತ್ತಿರಲಿಲ್ಲ. ಮೊದಮೊದಲು ಅತ್ತೆ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದರು. ಕೆಂಗಲ್ ದಾಟುವ ಹೊತ್ತಿಗೆ ಯಾರೂ ಕೈಮುಗಿಯದಿದ್ದರೂ ತಾವೇ ಮೊದಲು ಮುಗಿಯುತ್ತಿದ್ದರು. ರಾಮನಗರ ಮುಟ್ಟುವಾಗ ಎರಡೂ ಕಡೆ ಕೈ ಬೀಸುತ್ತಿದ್ದರು.

"ನಿಮ್ಮಮ್ಮ ಗೆಲ್ತಾರೆ," ಎಂದೆ ನಟರಾಜುವಿಗೆ.

ಮಾರುಕಟ್ಟೆಯ ಅಂಗಳದಲ್ಲಿ ಆಟೋ, ಟೆಂಪೋ, ಮೊಪೆಡ್ಡು, ಮೂಟೆ, ಜನ. ಮಾವ ಒಂದು ಸಂದಿಯೊಳಗೆ ನುಗ್ಗಿಸಿದರು. ಮುಂದೆ ಕಾಂಪೌಂಡ್ ಗೋಡೆ. ಸಮವಸ್ತ್ರದ ಕಾವಲುಗಾರ ಶೀಟಿ ಊದಿ, "ಇಲ್ಲಿ ನಿಲ್ಸಂಗಿಲ್ಲ. ಹಿಂದಕ್ಕೆ ತಗೊಳಿ," ಎಂದ.

ಈ ಮಾತಿಗಾಗಿ ಮಾವ ತಿಂಗಳುಗಟ್ಟಲೆ ಕಾದಿದ್ದರು. ಅವರ ಮುಖದಲ್ಲಿ ಅಂಥ ನಗು ನಾನು ಮತ್ತೆ ನೋಡಲಿಲ್ಲ. ಹಳದಿ ಹಿಡಿ ಎಳೆದರು, ಕಂಬ ಊರಿತು. ನೀಲಿ ಹಿಡಿ ಎಳೆದರು, ಕಾರು ಮೆಲ್ಲಗೆ ತಿರುಗತೊಡಗಿತು. ಜನ ನೋಡಬೇಕಲ್ಲ? ತಾವೂ ನೋಡಬೇಕಲ್ಲ? ಮಾವ ಬಾಗಿಲು ತೆಗೆದು ಕೆಳಕ್ಕೆ ಹಾರಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನೋಡ್ರಪ್ಪ! ಚನ್ನಪಟ್ಟಣದ ಕೆಲ್ಸ!" ಎಂದು ಕೂಗಿದರು.

ನಿಜಕ್ಕೂ ಚೆಂದವಾಗಿತ್ತು. ಅತ್ತೆ ಹಾರ ಹಾಕಿಕೊಂಡು ಮೇಲೆ ನಿಂತಿದ್ದಾರೆ, ಕೆಳಗೆ ಹಳದಿ ಗೂಡು ನಿಧಾನಕ್ಕೆ ಸುತ್ತುತ್ತಿದೆ. ಕೆಲವರು ಕೈಮುಗಿದರು. ಅರ್ಧ ಸುತ್ತಾದ ಮೇಲೆ ಮಾವ ಒಳಗೆ ಹೋಗಿ ಬೆಲ್ಟು ಸಡಿಲಿಸಬೇಕಾಗಿತ್ತು. ಅವರು ಒಂದು ಕಾಲು ಮುಂದಿಟ್ಟರು. ಅಷ್ಟರಲ್ಲಿ ಮೇಲಿನ ಒಂದು ಮೂಟೆ ಜಾರಿ, ಓಡಿಸುವವರ ಸೀಟಿನ ಮೇಲೆ ಬಿದ್ದು, ಅಲ್ಲಿಂದ ಉರುಳಿ ಆಕ್ಸಿಲರೇಟರಿನ ಮೇಲೆ ಕೂತುಬಿಟ್ಟಿತು.

ಪಂಪ್‌ಸೆಟ್ಟಿನ ಎಂಜಿನ್ ಗುಡುಗಿತು. ಕಾರು ಬುಗುರಿಯಾಯಿತು.

ಜನ ಹಿಂದಕ್ಕೆ ಓಡಿದರು. ಮಾವ ಬಾಗಿಲಿನ ಜೊತೆಗೇ ಎರಡು ಸುತ್ತು ಓಡಿ, ಸಿಗದೆ, ತಲೆ ತಿರುಗಿ ಕೂತರು. ಅತ್ತೆ ಸೂರಿನ ಅಂಚು ಹಿಡಿದುಕೊಂಡು ಮಾವನನ್ನು ಬೈಯುತ್ತಿದ್ದರು. ಆದರೆ ಒಂದೊಂದು ಸುತ್ತಿಗೆ ಒಂದೊಂದು ಮಾತಷ್ಟೇ ನಮ್ಮ ಕಡೆಗೆ ಬರುತ್ತಿತ್ತು.

"ಮನೇಗೆ—"

"—ಬನ್ನಿ—"

"—ನಿಮ್ಗೆ—"

"—ಐತೆ!"

ಆ ಕಡೆ ನಿಂತಿದ್ದವರಿಗೆ ಯಾವ ಮಾತುಗಳು ಕೇಳಿಸಿದವೋ, ಅವರಲ್ಲಿ ಕೆಲವರು ಕಿವಿ ಮುಚ್ಚಿಕೊಂಡಿದ್ದರು.

ಆಮೇಲೆ ಮೂಟೆಗಳ ಬಾಯಿ ಬಿಚ್ಚಿತು. ಅತ್ತೆಯ ಸುತ್ತಲಿಂದ, ಸೂರಿನ ತೂತಿನಿಂದ, ತೆರೆದ ಬಾಗಿಲಿನಿಂದ ಗೂಡು ಹಾರತೊಡಗಿತು. ಅಕ್ಷತೆಯ ಹಾಗೆ ಎಲ್ಲರ ತಲೆಯ ಮೇಲೂ ಬಿತ್ತು. ಒಂದು ಹೋಗಿ ಟೀ ಅಂಗಡಿಯವನ ಹಾಲಿನ ಪಾತ್ರೆಗೆ ಬಿತ್ತು. ಅತ್ತೆಯ ಕೊರಳಿನ ಹಾರ ಹಾರಿಹೋಗಿ ಕಾವಲುಗಾರನ ಕೊರಳಿಗೆ ಸರಿಯಾಗಿ ಬಿತ್ತು. ಅವನು ಗಾಬರಿಯಲ್ಲಿ ಸುತ್ತಲಿನವರಿಗೆಲ್ಲ ನಮಸ್ಕಾರ ಮಾಡಿದ.

"ಅತ್ತೆ, ಹಳದೀದು ಎಳೀರಿ! ಹಳದೀದು!" ಎಂದು ನಾನು ಕೂಗಿದೆ. ಬೆಲ್ಟು ಸಡಿಲಿಸುವ ನೀಲಿಯನ್ನು ಗಾಬರಿಯಲ್ಲಿ ಮರೆತಿದ್ದೆ.

ಅತ್ತೆ ತೂತಿನೊಳಗೆ ಮುಳುಗಿದರು. ಪೋಂ ಎಂದು ಹಾರನ್ನು ಬಂತು. ಕೆಂಪು ಎಳೆದಿದ್ದಾರೆ. ಮರುಕ್ಷಣ ವೈಪರು ಟಕಟಕ ಆಡತೊಡಗಿತು. ಹಸಿರು. ಆಮೇಲೆ ಹಳದಿ ಸಿಕ್ಕಿರಬೇಕು, ಧಡ್ ಎಂದು ಕಂಬ ಮೇಲಕ್ಕೆ ಸರಿದು ಕಾರು ಮೂರು ಚಕ್ರದ ಮೇಲೂ ಕೂತಿತು. ಮೂಟೆ ಮಾತ್ರ ಇನ್ನೂ ಆಕ್ಸಿಲರೇಟರಿನ ಮೇಲೇ ಇತ್ತು. ಅದೃಷ್ಟಕ್ಕೆ ಮೂತಿ ಗೋಡೆಯ ಕಡೆ ಇರಲಿಲ್ಲ. ಹಾರನ್ನು ಹೊಡೆಯುತ್ತ, ವೈಪರು ಆಡಿಸುತ್ತ, ಓಡಿಸುವವರಿಲ್ಲದ ಕಾರು ಅಂಗಳದ ನಡುವೆ ಹೊರಟಿತು. ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಅಷ್ಟರಲ್ಲಿ ಆ ಮೂಟೆಯೂ ಬಿಚ್ಚಿಕೊಂಡು ಒಳಗಿನ ಗೂಡೆಲ್ಲ ಚೆಲ್ಲಿ ಹಗುರಾಯಿತೆಂದು ಕಾಣುತ್ತದೆ. ಎಂಜಿನ್ ಕೆಮ್ಮಿತು, ಮುಲುಗಿತು, ನಿಂತಿತು. ನಿಂತಾಗ ಮುಂದಿನ ಚಕ್ರ ತೂಕದ ಯಂತ್ರದ ಹಲಗೆಯ ಮೇಲಿತ್ತು.

ತೂಕದವರು ಮುಳ್ಳು ನೋಡಿ, ಕಾರು ನೋಡಿ, "ಗೂಡ್ ಮಾತ್ರ ಇಡಿ," ಎಂದರು.

ನಾನೂ ನಟರಾಜುವೂ ಓಡಿದೆವು. ನಮಗಿಂತ ಮುಂಚೆ ಮಾವ ಓಡಿದ್ದರು. ಪಂಚೆ ಜಾರುತ್ತಿತ್ತು, ಅದರ ಪರಿವೆ ಇರಲಿಲ್ಲ. "ಬೋರಿ! ಬೋರಿ!" ಎಂದು ಕರೆಯುತ್ತಲೇ ಇದ್ದರು. ಒಳಗೆ ಇಣುಕಿದರೆ, ಮುಂದಿನ ಸೀಟಿನ ಮೇಲೆ, ಮೊಳಕಾಲುದ್ದ ಗೂಡಿನ ನಡುವೆ, ಅತ್ತೆ ಕೂತಿದ್ದರು. ಕೂತೇ ಇದ್ದರು. ಕಣ್ಣುಗುಡ್ಡೆ ಇನ್ನೂ ಪೂರ್ತಿ ನಿಂತಿರಲಿಲ್ಲ.

"ಏನಾರ ಆಯ್ತಾ ಬೋರಿ?"

"ನೀವಿಬ್ರೂ ಒಂದ್ ಕಡೆ ನಿಂತ್ಕೊಳಿ ಮೊದ್ಲು," ಎಂದರು ಅತ್ತೆ. ಮಾವ ಒಬ್ಬರೇ ಇದ್ದರು.

ಆಮೇಲೆ ನಿಧಾನಕ್ಕೆ ತಮ್ಮ ಕೂತ ಭಂಗಿಯನ್ನೂ ಸೀಟನ್ನೂ ನೋಡಿಕೊಂಡರು. ಮಾವನ ಮೀಸೆಯ ಕೆಳಗೆ ಏನೋ ಮಾತು ಹುಟ್ಟುತ್ತಿರುವುದನ್ನು ಕಂಡು, ಅದು ಹೊರಬರುವ ಮುಂಚೆಯೇ ಹೇಳಿದರು: "ನಮ್ಮಪ್ಪ ತೀರ್ಕಂಡು ಬಾಳ ವರ್ಸ ಆಯ್ತು. ಅವ್ನೇನೂ ತಪ್ ತಿಳ್ಕಳಲ್ಲ."

ಮಾವ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಅತ್ತೆಗೂ ನಗು ಬಂತು. ಆದರೆ ಅಂಗಳದ ಉದ್ದಕ್ಕೂ ಚೆಲ್ಲಿದ್ದ ತಮ್ಮ ಬೆಳೆ ಕಣ್ಣಿಗೆ ಬಿದ್ದದ್ದೇ ಮುಖ ಬಾಡಿತು.

ಆಗ ಹಣೆ ಉಜ್ಜಿಕೊಳ್ಳುತ್ತ ಒಬ್ಬರು ಬಂದರು. ಫಕ್ರುದ್ದೀನ್ ಎಂದು, ರಾಮನಗರದಲ್ಲಿ ನೂಲು ತೆಗೆಯುವ ದೊಡ್ಡ ರೀಲರು. ಅವರ ಕೈಯಲ್ಲಿ ಅತ್ತೆಯ ಒಂದು ಗೂಡಿತ್ತು.

"ಇದು ಯಾರ್ದು?" ಎಂದರು.

"ನಂದೇ. ತಪ್ಪಾಯ್ತು ಸಾಬ್ರೆ, ಏಟಾಯ್ತಾ?" ಎಂದರು ಅತ್ತೆ.

"ಆಯ್ತು. ಅದ್ಕೆ ಕೇಳಿದ್ದು. ಅಷ್ಟ್ ದೂರದಿಂದ ಬಂದು ನನ್ ಹಣೆಗೆ ಹೊಡೀತು. ಹಣೆ ಊದ್ಕಂತು, ಗೂಡು ತಗ್ಗಿಲ್ಲ." ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು, ಹೆಬ್ಬೆರಳಿನಿಂದ ಒತ್ತಿದರು. "ಏನ್ ಗಟ್ಟಿ ಬೆಳ್ದಿದ್ದೀಯಮ್ಮ! ಇದ್ನ ನಾನೇ ತಗತೀನಿ."

ಅವರ ಮಾತು ಕೇಳಿ ಉಳಿದ ರೀಲರುಗಳೂ ಬಗ್ಗಿ ಒಂದೊಂದು ಗೂಡು ಎತ್ತಿ ಒತ್ತಿ ನೋಡಿದರು. ಜನ ಟವೆಲ್ಲಿನಲ್ಲಿ, ಲುಂಗಿಯ ಮಡಿಲಲ್ಲಿ, ಬುರ್ಖಾದ ಮಡಿಕೆಯಲ್ಲಿ ಗೂಡು ಆರಿಸಿ ತಂದು ಅತ್ತೆಯ ಮುಂದೆ ಸುರಿದರು. ಕಾವಲುಗಾರ ಹಾರ ತೆಗೆಯದೆಯೇ ತನ್ನ ಟೋಪಿಯ ತುಂಬ ತಂದ. ಟೀ ಅಂಗಡಿಯವನು ಮಾತ್ರ ತನ್ನ ಪಾತ್ರೆಗೆ ಬಿದ್ದದ್ದನ್ನು ಕೊಡಲಿಲ್ಲ. ಅದು ಅರ್ಧ ಬೆಂದಿತ್ತು. ಹರಾಜು ಕೂಗಿದಾಗ ಅವತ್ತಿನ ಎಲ್ಲರಿಗಿಂತ ಹೆಚ್ಚಿನ ದರ ಅತ್ತೆಯ ಗೂಡಿಗೇ ಸಿಕ್ಕಿತು, ಕೂಗಿ ಗೆದ್ದವರು ಫಕ್ರುದ್ದೀನರೇ.

ಸಂಜೆ ವಾಪಸ್ಸು ಬರುವಾಗ ಚನ್ನಪಟ್ಟಣದಲ್ಲಿ ಮುಕ್ತಿಯಾರ್ ಸಾಬರ ಅಂಗಡಿ ಮುಂದೆ ನಿಲ್ಲಿಸಿದೆವು. ಮಾವ ನಡೆದದ್ದನ್ನೆಲ್ಲ ಹೇಳಿದರು. ಅತ್ತೆ ಏನನ್ನುತ್ತಾರೋ ಎಂಬ ಹೆದರಿಕೆಯಲ್ಲಿ ಸಾಬರು ಕತ್ತರಿಸಿದ ಮರದ ತುಂಡನ್ನೇ ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು:

"ಅಕ್ಕ, ತಪ್ಪು ತಿಳ್ಕಬೇಡಿ. ಜೋರಾಗಿ ತಿರುಗ್ವಾಗ ಓಲಾಡ್ತಾ?"

ಅತ್ತೆ ತಲೆಯಾಡಿಸಿದರು. "ಇಲ್ಲ ಕಣಪ್ಪ. ಓಲಾಡ್ಲಿಲ್ಲ. ಅಷ್ಟ್ ಮಾತ್ರ ಹೇಳ್ಬೇಕು."

ಸಾಬರು ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಆದರೆ ಹಿಂದಿನಿಂದ ನೋಡಿದರೂ ಅವರು ನಗುತ್ತಿದ್ದಾರೆಂದು ತಿಳಿಯುತ್ತಿತ್ತು.

ಮರುದಿನ ಅತ್ತೆ ಕಸ ಗುಡಿಸಿ, ಹಸು ಕರೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರಿನ ಹತ್ತಿರ ಬಂದರು. "ಯಾವ್ ಬಣ್ಣಕ್ಕೆ ಏನು ಅಂತ ಹೇಳ್ಕೊಡಿ. ಇನ್ನೊಂದ್ ಸಲ ಗೊತ್ತಿಲ್ದೆ ಸಾಯಕ್ಕಾಗಲ್ಲ," ಎಂದರು. ಮಾವ ಹೇಳಿಕೊಟ್ಟರು. ಹೇಳಿಕೊಡುವಾಗ ಮೊದಲ ದಿನ ಗುರುವಿನ ಹಾಗೆ ಕೂತಿದ್ದರು. ಎರಡನೆಯ ದಿನ ಬಾಗಿಲು ಹಿಡಿದುಕೊಂಡಿದ್ದರು. ಮೂರನೆಯ ದಿನ ಕಣ್ಣು ಮುಚ್ಚಿಕೊಂಡಿದ್ದರು. ಅತ್ತೆ ರಸ್ತೆ ನೋಡಿ ಓಡಿಸುತ್ತಿರಲಿಲ್ಲ. ರಸ್ತೆಯೇ ತಮ್ಮನ್ನು ನೋಡಿಕೊಳ್ಳಲಿ ಎಂಬಂತೆ ಓಡಿಸುತ್ತಿದ್ದರು. ಎಮ್ಮೆಗಳು ಕಲಿತುಕೊಂಡವು. ನಾಯಿಗಳು ಅದಕ್ಕೂ ಮುಂಚೆ ಕಲಿತವು.

ಆ ಮೇಲೆ ಹಲವು ವರ್ಷ ಹಾಲಿನ ಡೈರಿಗೆ, ಸೊಪ್ಪಿನ ತೋಟಕ್ಕೆ, ನೆಂಟರ ಮನೆಗೆ, ಎಲ್ಲಕ್ಕೂ ಗೂಡುಗಾಡಿಯನ್ನು ಓಡಿಸಿದ್ದು ಅತ್ತೆಯೇ. ಮಾವನಿಗೆ ಅದು ಸಿಗುತ್ತಲೇ ಇರಲಿಲ್ಲ. ಅವರು ಬಸ್ಸಿಗೆ ಓಡಾಡತೊಡಗಿದರು.

ಒಂದು ಬೆಳಿಗ್ಗೆ ನಾನು ಅತ್ತೆಯ ಜೊತೆ ಡೈರಿಗೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಮಾವ ಚೀಲ ಹಿಡಿದು ನಿಂತಿದ್ದರು. ನಮ್ಮನ್ನು ಕಂಡು ಕೈ ಅಡ್ಡ ಹಾಕಿದರು.

ಅತ್ತೆ ನಿಲ್ಲಿಸಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿಲ್ಸಿದ್ರೆ ಎಂಜಿನ್ ಆರೋಯ್ತದೆ, ಆಮೇಲೆ ಹಗ್ಗ ಎಳಿಯೋರ್ ಯಾರು? ಓಡ್ಬಂದು ಹತ್ಕೊಳಿ!" ಎಂದರು.

ಮಾವ ಚೀಲ ಕಂಕುಳಿಗಿಟ್ಟು, ಒಂದು ಕೈಯಲ್ಲಿ ಪಂಚೆ ಹಿಡಿದು ಓಡಿದರು. ಬಸ್ಸಿಗೆ ನಿಂತಿದ್ದವರೆಲ್ಲ ಹುರಿದುಂಬಿಸಿದರು. ನಾನು ಬಾಗಿಲು ತೆಗೆದು ಕೈ ಚಾಚಿದೆ. ಎರಡು ಸಲ ಜಾರಿ ಮೂರನೆಯ ಸಲಕ್ಕೆ ಹಾಲಿನ ಕ್ಯಾನಿನ ಪಕ್ಕಕ್ಕೆ ಬಂದು ಬಿದ್ದರು. ಏದುಸಿರು ಬಿಡುತ್ತ, ಏನೋ ದೊಡ್ಡ ಮಾತು ಆಡಲು ಬಾಯಿ ತೆರೆದರು.

"ಬಾಗ್ಲು ಸರ್ಯಾಗ್ ಹಾಕ್ಕೊಳಿ," ಎಂದರು ಅತ್ತೆ. "ಹಾಲಿಗೆ ಧೂಳು ಬೀಳ್ತದೆ."